ನಜರ್‌ಬಾದಿನ ಕಲ್ಲು, ಗಂಜಾಮಿನ ಚರ್ಚು

ಮೈಸೂರಿನ ಕೋಟೆಯ ಕಲ್ಲುಗಳು ಎರಡು ಸಲ ಊರು ಬಿಟ್ಟು ಊರು ಸೇರಿವೆ. ಟಿಪ್ಪು ಸುಲ್ತಾನ್ ಒಡೆಯರ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲನ್ನು ಪೂರ್ವಕ್ಕೆ ಒಂದು ಮೈಲಿ ಆಚೆ ಸಾಗಿಸಿ, ನಜರ್‌ಬಾದ್ ಎಂಬ ಹೊಸ ಕೋಟೆಯ ಕೆಲಸ ಹಿಡಿಸಿದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಜೂನ್ 30ರಂದು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಆಮೇಲೆ ಅದೇ ಕಲ್ಲುಗಳು ಹಿಂದಕ್ಕೆ ಬಂದು ಹಳೆಯ ನೆಲೆಯಲ್ಲೇ ಗೋಡೆಯಾದವು. ಆ ಕಾಲದಲ್ಲಿ ಎದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋದಾಗ, ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಡಳಿತದಲ್ಲಿ ಹೆನ್ರಿ ಇರ್ವಿನ್ ಅದೇ ಜಾಗದಲ್ಲಿ ಇನ್ನೊಂದನ್ನು ಕಟ್ಟತೊಡಗಿದ. 1912ರಲ್ಲಿ ಅದು ಮುಗಿಯಿತು. ತಗಲಿದ ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಕಳೆದುಕೊಂಡ ಜಾಗದಲ್ಲೇ ಮತ್ತೆ ಕಟ್ಟುವುದು ಈ ಊರಿಗೆ ಹೊಸತಲ್ಲ. ಆದರೆ ಕೋಟೆಯೂ ಅರಮನೆಯೂ ಅಪ್ಪಣೆಯ ಬಲದಿಂದ, ಬೊಕ್ಕಸದ ಹಣದಿಂದ ಎದ್ದವು. ಅದೇ ಕಾಲದಲ್ಲಿ, ಅದೇ ಸೀಮೆಯಲ್ಲಿ, ಅಪ್ಪಣೆಯೂ ಬೊಕ್ಕಸವೂ ಇಲ್ಲದವರು ಮತ್ತೆ ಕಟ್ಟಿದ ಕಟ್ಟಡಗಳ ಇನ್ನೊಂದು ಸಾಲಿದೆ. ಮೈಸೂರಿನ ಚರಿತ್ರೆ ಹೇಳುವಾಗ ಆ ಸಾಲನ್ನು ನಾವು ಬಿಟ್ಟುಬಿಡುತ್ತೇವೆ. ಟಿಪ್ಪುವಿನ ಸೆರೆಯಿಂದ ಉಳಿದು ಬಂದ ಕ್ರೈಸ್ತರಿಗಾಗಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿಯೂ ಕರಾವಳಿಯಲ್ಲಿಯೂ ಎದ್ದ ಚರ್ಚುಗಳೇ ಆ ಸಾಲು. ಆ ಕಾಲದ ನೋವಿಗೆ ನಮ್ಮ ನಾಡಿನಲ್ಲಿರುವ ಅತ್ಯಂತ ಪ್ರಾಮಾಣಿಕ ಸ್ಮಾರಕಗಳು ಅವೇ ಎಂಬುದು ನನ್ನ ವಾದ.

ಆ ನೋವಿನ ಹಿನ್ನೆಲೆ ಎರಡನೆಯ ಮೈಸೂರು ಯುದ್ಧ. 1783ರಲ್ಲಿ ಇಂಗ್ಲಿಷರ ಪಡೆ ಮಂಗಳೂರನ್ನು ಹಿಡಿಯಿತು. ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ 1784ರ ಜನವರಿ ಕೊನೆಗೆ ಅದನ್ನು ಬಿಡಿಸಿಕೊಂಡ. ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರು ಎಂಬ ಆರೋಪ ಹೊರಿಸಿ, ಫೆಬ್ರವರಿಯ ಕೊನೆಯ ವಾರದಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಅವರನ್ನು ಕುಟುಂಬ ಸಮೇತ ಹಿಡಿಸಿದ. ಹಿರಿಯರು, ಹೆಂಗಸರು, ಮಕ್ಕಳು ಘಟ್ಟ ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆದರು; ದಾರಿಯಲ್ಲೇ ಸತ್ತವರು ಬಹಳ. ಸೆರೆ ಸಿಕ್ಕವರ ಸಂಖ್ಯೆಯನ್ನು ಒಬ್ಬರು 30,000 ಎಂದರೆ ಇನ್ನೊಬ್ಬರು 80,000 ಎನ್ನುತ್ತಾರೆ. ಸಂಖ್ಯೆಯ ಜಗಳ ಏನೇ ಇರಲಿ, ಒಂದು ಇಡೀ ಸಮುದಾಯವನ್ನು ಬೇರುಸಹಿತ ಕಿತ್ತದ್ದರಲ್ಲಿ ಜಗಳವಿಲ್ಲ. ಜನರೊಡನೆ ಅವರ ಇಗರ್ಜಿಗಳೂ, ಎಂದರೆ ಚರ್ಚುಗಳೂ, ಹೋದವು; ಕೆಡವಿದವು 27 ಎಂದು ಆ ಸಮುದಾಯದ ಚರಿತ್ರೆ ಎಣಿಸುತ್ತದೆ. ಸೆರೆಯಲ್ಲಿ ಅನೇಕರನ್ನು ಬಲವಂತವಾಗಿ ಮತಾಂತರಿಸಿದರು, ಗಂಡಾಳುಗಳನ್ನು ಪಡೆಗೆ ಸೇರಿಸಿದರು. ಈ ಸೆರೆ ನಡೆದದ್ದು ಹದಿನೈದು ವರ್ಷ, ಎಂದರೆ ಒಂದು ತಲೆಮಾರು. ಹೊತ್ತು ತಂದ ಕೂಸು ಮದುವೆಯ ವಯಸ್ಸಿಗೆ ಬರುವಷ್ಟು ಕಾಲ ಈ ಜನ ತಮ್ಮ ಊರು, ಗದ್ದೆ, ದೇವರ ಮನೆ ಕಾಣದೆ ಕಾವೇರಿಯ ದಡದಲ್ಲಿ ಬದುಕಿದರು. ಅವರು ಬಂದು ಸೇರಿದ ಆ ದ್ವೀಪವೂ ಕಿತ್ತು ನೆಟ್ಟವರಿಂದಲೇ ತುಂಬಿತ್ತು. ಗಂಜಾಂ ಎಂಬ ಹೊಸ ಪೇಟೆಯನ್ನು ತುಂಬಲು ಶಿರಾದಿಂದ 12,000 ಮನೆತನಗಳನ್ನು ಎಬ್ಬಿಸಿ ತಂದರೆಂದು ಗೆಜೆಟಿಯರ್ ಹೇಳುತ್ತದೆ.

1799ರ ನಂತರ ಈ ಚದುರಿದ ಮಂದೆಯನ್ನು ಕೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದವನು ಅಬ್ಬೆ ಡುಬೊಯಿ. ಫ್ರಾನ್ಸಿನ ಆರ್ದೆಶ್ ಸೀಮೆಯ ಪಾದ್ರಿ. 1792ರಲ್ಲಿ, ಅಲ್ಲಿ ಕ್ರಾಂತಿಯ ಬೆಂಕಿ ಉರಿಯುತ್ತಿದ್ದಾಗ, ಭಾರತಕ್ಕೆ ಬಂದಿದ್ದ. ಕಾವಿ ಉಟ್ಟು, ಮಾಂಸ ಬಿಟ್ಟು, ಈ ನೆಲದ ಸನ್ಯಾಸಿಯಂತೆ ಬದುಕಿದವನನ್ನು ಇಲ್ಲಿಯ ಜನ ‘ದೊಡ್ಡಸ್ವಾಮಿಯವರು’ ಎಂದು ಕರೆದರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವನು ಬರೆದ ದೊಡ್ಡ ಗ್ರಂಥದಿಂದ ಜಗತ್ತು ಅವನನ್ನು ಬಲ್ಲದು. ಮೈಸೂರು ಸೀಮೆ ಅವನನ್ನು ನೆನೆಯಬೇಕಾದದ್ದು ಬೇರೆ ಕೆಲಸಗಳಿಗೆ. 1800ರ ಸುಮಾರಿಗೆ ಗಂಜಾಮಿನಲ್ಲಿ ಚರ್ಚು ಎದ್ದಿತು. ಇವತ್ತಿಗೂ ಅದು ಅವನ ಹೆಸರಿನಿಂದಲೇ ಪರಿಚಿತ. ಟಿಪ್ಪುವಿನ ಗೋರಿಯಿರುವ ಗುಂಬಜ್ ಇರುವುದೂ ಅದೇ ಗಂಜಾಮಿನಲ್ಲಿ. ಗೋಡೆ ಎದ್ದ ಮಾತ್ರಕ್ಕೆ ಅವನ ಕೆಲಸ ನಿಲ್ಲಲಿಲ್ಲ. ನೆಲೆ ತಪ್ಪಿದ ಮನೆತನಗಳಿಗೆ ಹಾಸನದ ಬಳಿಯ ಸಾತಳ್ಳಿಯಂಥ ಕಡೆ ಬೇಸಾಯದ ನೆಲೆ ಕಟ್ಟಿಕೊಟ್ಟ. ಸಿಡುಬು ಊರೂರು ಬಳಿಯುತ್ತಿದ್ದಾಗ ದಾಕು ಹಾಕಿಸುವ ಕೆಲಸಕ್ಕೆ ನಿಂತ. 1803-04ರಲ್ಲಿ ಮೈಸೂರು ಸಂಸ್ಥಾನದಲ್ಲಿ 25,432 ಮಂದಿಗೆ ದಾಕು ಬಿದ್ದ ಲೆಕ್ಕವಿದೆ. ಚರ್ಚು, ಹೊಲ, ದಾಕು ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮತ್ತೆ ಕಟ್ಟುವುದು ಎಂದರೇನು ಎಂಬುದು ತಿಳಿಯುತ್ತದೆ. ಸತ್ತವರಿಗೆ ಗೋಪುರ ಎಬ್ಬಿಸುವುದಕ್ಕಿಂತ ಮೊದಲು ಉಳಿದವರು ಸಾಯದಂತೆ ನೋಡಿಕೊಂಡ ಕೆಲಸ ಅದು.

ಘಟ್ಟದ ಕೆಳಗೆ ಇದೇ ಕೆಲಸ ಇನ್ನೂ ನಿಧಾನವಾಗಿ ನಡೆಯಿತು. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ನಾಡು ಸುತ್ತುತ್ತ 1801ರಲ್ಲಿ ಕರಾವಳಿಗೆ ಬಂದ ಫ್ರಾನ್ಸಿಸ್ ಬುಕಾನನ್, ಸುಮಾರು 15,000 ಕ್ರೈಸ್ತರು ಮಂಗಳೂರಿನ ಆಸುಪಾಸಿಗೆ ಮರಳಿದ್ದಾರೆಂದು ಬರೆದ. ಮಲೆಯಾಳಕ್ಕೆ ತಪ್ಪಿಸಿಕೊಂಡ ಇನ್ನಷ್ಟು ಮಂದಿ ತಮ್ಮ ಬಡತನ ಬಿಟ್ಟಷ್ಟು ಬೇಗ ಬರುತ್ತಿದ್ದಾರೆಂದೂ ಸೇರಿಸಿದ. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಗೆ 1680ರಲ್ಲಿ ನೆಲ ಕೊಟ್ಟವಳು ಕೆಳದಿಯ ರಾಣಿ ಚೆನ್ನಮ್ಮ. 1784ರಲ್ಲಿ ನೆಲಸಮವಾದ ಆ ಇಗರ್ಜಿ ದೊಡ್ಡದಾಗಿ ಮತ್ತೆ ಎದ್ದದ್ದು 1811ರಲ್ಲಿ, ಫಾದರ್ ಮೆಂಡಿಸ್ ಅವರ ಕಾಲದಲ್ಲಿ. ಮರಳಿ ಬಂದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ನಡುವೆ ಹನ್ನೆರಡು ವರ್ಷದ ಅಂತರವಿದೆ. ನನ್ನ ವಾದಕ್ಕೆ ಆ ಅಂತರ ಒಂದು ಶಾಸನದಷ್ಟೇ ದೊಡ್ಡ ಸಾಕ್ಷಿ. ಹೊರಗಿನ ಹಣದಿಂದ ಏಳುವ ಕಟ್ಟಡ ಬೇಗ ಏಳುತ್ತದೆ. ಮರಳಿ ಬಂದವರು ಮೊದಲು ಪಾಳುಬಿದ್ದ ಗದ್ದೆಗೆ ನೇಗಿಲು ಹೂಡಬೇಕು, ಇನ್ನೊಬ್ಬರ ಕೈಸೇರಿದ ಜಮೀನನ್ನು ಬಿಡಿಸಿಕೊಳ್ಳಬೇಕು, ಅಳಿದುಳಿದ ಸಂಬಂಧಿಕರನ್ನು ಹುಡುಕಬೇಕು, ಮಕ್ಕಳಿಗೆ ಮದುವೆ ಮಾಡಬೇಕು. ಅದಾದ ಮೇಲೆ ಉಳಿದ ಕಾಸು, ಉಳಿದ ದಿನಗೂಲಿ, ಉಳಿದ ಮರಮುಟ್ಟು ದೇವರ ಮನೆಗೆ. ಕರಾವಳಿಯ ಇಗರ್ಜಿಗಳು ಮತ್ತೆ ಎದ್ದ ಕಾಲಕ್ರಮವೇ ಅವು ಯಾರ ಬೆವರಿನಿಂದ ಎದ್ದವು ಎಂಬುದನ್ನು ಹೇಳುತ್ತದೆ.

ಇವನ್ನು ಸ್ಮಾರಕ ಎಂದು ಕರೆಯುವುದು ಹೇಗೆ? ಸ್ಮಾರಕವೆಂದರೆ ಸತ್ತವರ ಹೆಸರಿನ ಪಟ್ಟಿ, ಕಂಬ, ಚಿತ್ರ, ವರ್ಷಕ್ಕೊಂದು ಹೂಹಾರ ಎಂಬುದು ನಮ್ಮ ರೂಢಿಯ ಕಲ್ಪನೆ. ಅಂಥದೊಂದು ಸ್ಮಾರಕ ಗಂಜಾಮಿನ ಹತ್ತಿರವೇ ಇದೆ: ದರಿಯಾ ದೌಲತ್. ಕ್ರೈಸ್ತರ ಸೆರೆಯ ವರ್ಷವಾದ 1784ರಲ್ಲೇ ಟಿಪ್ಪು ಕಟ್ಟಿಸಿದ ಆ ಬೇಸಗೆ ಅರಮನೆಯ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರು ಸೋತದ್ದನ್ನು ಬಣ್ಣಬಣ್ಣವಾಗಿ ಬರೆಯಿಸಲಾಗಿದೆ. ಗೆದ್ದವನು ಯಾರು, ಸೋತವನು ಯಾರು, ಯಾರು ಪಲ್ಲಕ್ಕಿಯಲ್ಲಿ ಕುಗ್ಗಿ ಕುಳಿತ, ಯಾರು ಆನೆಯ ಮೇಲೆ ಹೂ ಹಿಡಿದು ಹೊರಟ ಎಂಬುದೆಲ್ಲ ಅದರಲ್ಲಿ ಸ್ಪಷ್ಟ. ಆ ಚಿತ್ರ ಮಾಸಿದಾಗ ಮುಂದೆ ಇಂಗ್ಲಿಷರೇ ಅದನ್ನು ಮತ್ತೆ ಬರೆಸಿದರು, ಏಕೆಂದರೆ ಕೊನೆಯ ಗೆಲುವು ತಮ್ಮದಾದ ಮೇಲೆ ಹಳೆಯ ಸೋಲು ಅವರಿಗೆ ಅಲಂಕಾರವಾಗಿತ್ತು. ಅರಸೊತ್ತಿಗೆಯ ಸ್ಮಾರಕಕ್ಕೆ ಯಾವಾಗಲೂ ಒಬ್ಬ ಶತ್ರು ಬೇಕು. ಗಂಜಾಮಿನ ಚರ್ಚಿಗೆ ಶತ್ರು ಬೇಕಾಗಲಿಲ್ಲ. ಹದಿನೈದು ವರ್ಷ ಮೂಕವಾಗಿದ್ದ ಪ್ರಾರ್ಥನೆ ಅಲ್ಲಿ ಮತ್ತೆ ಕೇಳಿಸಿದ್ದೇ ಅದರ ಶಾಸನ. ಡುಬೊಯಿ 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಸೆರೆಯಾಳುಗಳ ಬಗ್ಗೆ ಕಠಿಣವಾಗಿ ಬರೆದಿದ್ದಾನೆ: ಅಷ್ಟು ಸಾವಿರ ಜನರಲ್ಲಿ ಒಬ್ಬನಿಗೂ ತನ್ನ ವಿಶ್ವಾಸ ಸಾರಿ ಹುತಾತ್ಮನಾಗುವ ಎದೆಗಾರಿಕೆ ಇರಲಿಲ್ಲ ಎಂಬುದು ಅವನ ದೂರು. ಗುರುವಿನ ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಮಕ್ಕಳನ್ನು ಉಳಿಸಿಕೊಳ್ಳಲು ತಲೆಬಾಗಿದವರು ಹೇಡಿಗಳಲ್ಲ. ತಲೆಬಾಗಿದ ನಾಚಿಕೆಯನ್ನೂ ಹೊತ್ತು ಅವರು ಬಾಗಿಲು ತೆರೆದ ಮೊದಲ ದಿನವೇ ಮರಳಿದರು. ಹುತಾತ್ಮರ ಪಟ್ಟಿಗಿಂತ ಆ ಮರಳುವಿಕೆ ದೊಡ್ಡದು. ವೀರರಿಗೆ ಕಂಬ ನೆಡುವವರು ಎಲ್ಲೆಲ್ಲೂ ಇದ್ದಾರೆ. ಬದುಕಿ ಉಳಿದ ಸಾಧಾರಣ ಜನರಿಗೆ ಇರುವ ಸ್ಮಾರಕ ಈ ಚರ್ಚುಗಳಂಥವು ಮಾತ್ರ.

ಇದಕ್ಕೆ ಮೊದಲ ಆಕ್ಷೇಪ ಇತಿಹಾಸದ ವಿದ್ಯಾರ್ಥಿಗಳಿಂದ ಬರುತ್ತದೆ. ಈ ಪುನರ್ನಿರ್ಮಾಣ ಜನರದ್ದಲ್ಲ, ಕಂಪನಿ ಸರ್ಕಾರದ ರಾಜಕಾರಣ. ಟಿಪ್ಪುವನ್ನು ರಾಕ್ಷಸನಾಗಿ ತೋರಿಸಲು ಇಂಗ್ಲಿಷರಿಗೆ ನೊಂದ ಕ್ರೈಸ್ತರು ಬೇಕಾಗಿದ್ದರು ಎಂಬುದು ಅವರ ವಾದ. ಇದರಲ್ಲಿ ಅರ್ಧ ಸತ್ಯವಿದೆ. ಟಿಪ್ಪುವಿನ ಕ್ರೌರ್ಯದ ಕಥೆಗಳನ್ನು ಕಂಪನಿ ತನ್ನ ಯುದ್ಧಗಳ ಸಮರ್ಥನೆಗೆ ಧಾರಾಳವಾಗಿ ಬಳಸಿಕೊಂಡದ್ದು ನಿಜ. ಶ್ರೀರಂಗಪಟ್ಟಣ ಬೀಳದೆ ಸೆರೆಯ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದೂ ನಿಜ. ಆದರೆ ಬಾಗಿಲು ತೆರೆದವರೆಲ್ಲ ಮನೆ ಕಟ್ಟಿಕೊಡುವವರಲ್ಲ. 1813ರ ಸನ್ನದಿನವರೆಗೆ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳನ್ನು ಅನುಮಾನದಿಂದಲೇ ನೋಡುತ್ತಿತ್ತು. ಗಂಜಾಮಿಗೆ ಬಂದ ಗುರು ಫ್ರಾನ್ಸಿನವನು. ಆಗ ಇಂಗ್ಲೆಂಡು ಫ್ರಾನ್ಸಿನ ಮೇಲೆ ಯುದ್ಧ ಮಾಡುತ್ತಿತ್ತು. ಚರ್ಚು ಕ್ಯಾಥೊಲಿಕರದು, ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಕೂಡ 1829ರವರೆಗೆ ಇರಲಿಲ್ಲ. ಅಂಥ ಸರ್ಕಾರ ಈ ಗೋಡೆಗಳಿಗೆ ಅನುಮತಿ ಕೊಟ್ಟಿತು ಎನ್ನಬಹುದು, ಗೋಡೆಗಳು ಅದರದ್ದು ಎನ್ನಲಾಗದು. ಬುಕಾನನ್ ಕಂಡ ಬಡತನವೂ ಮಿಲಾಗ್ರಿಸಿನ ಹನ್ನೆರಡು ವರ್ಷದ ಕಾಯುವಿಕೆಯೂ ಇದನ್ನೇ ಗಟ್ಟಿಮಾಡುತ್ತವೆ. ಆಳುವವರ ಲೆಕ್ಕಾಚಾರ ಒಂದು, ದೇವರ ಮನೆಗೆ ಕಲ್ಲು ಹೊತ್ತವನ ಮನಸ್ಸು ಇನ್ನೊಂದು. ಒಂದರ ಕಳಂಕವನ್ನು ಇನ್ನೊಂದಕ್ಕೆ ಬಳಿಯುವುದು ಅನ್ಯಾಯ.

ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ಮತ್ತೆ ಕಟ್ಟಿದರೆ ಗಾಯ ಮುಚ್ಚಿಹೋಗುತ್ತದೆ, ಮುಚ್ಚಿದ ಗಾಯ ಮರೆವಿಗೆ ಸಲ್ಲುತ್ತದೆ. ನೆನಪು ಉಳಿಯಬೇಕಾದರೆ ಪಾಳನ್ನು ಪಾಳಾಗಿಯೇ ಬಿಡಬೇಕು ಎಂಬ ವಾದ ಅದು. ಇಂಗ್ಲೆಂಡಿನ ಕವೆಂಟ್ರಿ ಹಾಗೆ ಮಾಡಿತು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬಿಗೆ ಸುಟ್ಟ ಸಂತ ಮೈಕೇಲರ ಚರ್ಚಿನ ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಹೊಸದನ್ನು ಕಟ್ಟಿ 1962ರಲ್ಲಿ ಪ್ರತಿಷ್ಠೆ ಮಾಡಿತು. ಆದರೆ ಕವೆಂಟ್ರಿಯ ಪಾಳು ಇಂದು ಮಾತಾಡುತ್ತಿರುವುದು ಪಾಳಾಗಿರುವುದರಿಂದ ಮಾತ್ರವಲ್ಲ. 1961ರಲ್ಲಿ ಜರ್ಮನಿಯ ಯುವಕ ಯುವತಿಯರು, ತಮ್ಮ ಹಿರಿಯರು ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವೆಂದು, ಕೂಲಿಯಿಲ್ಲದೆ ಬಂದು ಅದೇ ಸುಟ್ಟ ಗೋಡೆಗಳ ನಡುವೆ ಒಂದು ಕೇಂದ್ರ ಕಟ್ಟಲು ದುಡಿದರು. ಜರ್ಮನಿಯ ಡ್ರೆಸ್ಡೆನ್ನಿನಲ್ಲಿ 1945ರ ಫೆಬ್ರವರಿಯಲ್ಲಿ ಕುಸಿದ ಫ್ರಾವೆನ್‌ಕಿರ್ಶೆ ಚರ್ಚನ್ನು 2005ರಲ್ಲಿ ಮತ್ತೆ ತೆರೆದಾಗ ಅದರ ನೆತ್ತಿಯ ಶಿಲುಬೆಯನ್ನು ಮಾಡಿದವನು ಆ ಊರಿನ ಮೇಲೆ ಬಾಂಬು ಹಾಕಿದ ಬ್ರಿಟಿಷ್ ವಿಮಾನಿಯೊಬ್ಬನ ಮಗ. ಸುಟ್ಟು ಕಪ್ಪಾದ ಹಳೆಯ ಕಲ್ಲುಗಳನ್ನು ಹೊಸ ಬಿಳಿ ಕಲ್ಲಿನ ನಡುವೆ ಅಲ್ಲಿ ಕಾಣುವಂತೆ ಕೂರಿಸಿದ್ದಾರೆ. ಎರಡೂ ಕಡೆ ನೆನಪಿಗೆ ಜೀವ ಬಂದದ್ದು ದುಡಿದ ಕೈಗಳಿಂದ. ಕೈ ಬಿಟ್ಟ ಪಾಳು ಏನಾಗುತ್ತದೆಂದು ನೋಡಬೇಕಾದರೆ ಹಾಸನದ ಶೆಟ್ಟಿಹಳ್ಳಿಗೆ ಹೋಗಬಹುದು. ಹೇಮಾವತಿ ಜಲಾಶಯಕ್ಕಾಗಿ ಅಲ್ಲಿನ ಜನ ಎದ್ದುಹೋದ ಮೇಲೆ ಹತ್ತೊಂಬತ್ತನೆಯ ಶತಮಾನದ ಆ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಏಳುತ್ತದೆ. ಅದನ್ನು ನೋಡಲು ದೂರದೂರದಿಂದ ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿಂದ ಎದ್ದುಹೋದವರು ಯಾರು, ಅವರ ಹೊಲ ಏನಾಯಿತು ಎಂದು ಕೇಳುವವರು ಕಡಿಮೆ. ಪಾಳಿನಿಂದ ನೋಡುವವರಿಗೆ ಒಂದು ಸೊಗಸಾದ ವಿಷಾದ ಸಿಗುತ್ತದೆ, ನೊಂದವರಿಗೆ ಏನೂ ಸಿಗುವುದಿಲ್ಲ.

ಮೂರನೆಯ ಆಕ್ಷೇಪ ಇಂದಿನದು, ಆದ್ದರಿಂದ ಹೆಚ್ಚು ಭಾರದ್ದು. 1784ನ್ನು ಈಗ ಎತ್ತಿದರೆ ಕೋಮು ಜಗಳಕ್ಕೆ ಸೌದೆ ಒಟ್ಟಿದಂತೆ ಎಂದು ಒಳ್ಳೆಯ ಮನಸ್ಸಿನವರೇ ಹೇಳುತ್ತಾರೆ. ಟಿಪ್ಪುವಿನ ಹೆಸರು ಬಂದರೆ ಸಾಕು, ಎರಡು ಬಣಗಳು ನಿಲ್ಲುತ್ತವೆ. ಆದರೆ ಸುಮ್ಮನಿದ್ದರೆ ಆ ವರ್ಷ ಅಳಿದುಹೋಗುವುದಿಲ್ಲ. ಅದನ್ನು ಆಯುಧ ಮಾಡಿಕೊಂಡವರ ಕೈಯಲ್ಲೇ ಉಳಿಯುತ್ತದೆ. ಮಾಡಬೇಕಾದದ್ದು ಆ ಕಾಲವನ್ನು ಇಡಿಯಾಗಿ ಹೇಳುವುದು. 1791ರಲ್ಲಿ ಪರಶುರಾಮ ಭಾವೂವಿನ ಮರಾಠಾ ಪಡೆಯ ಕುದುರೆಗಾರರು ಶೃಂಗೇರಿ ಮಠವನ್ನು ದೋಚಿದರು. ಶಾರದೆಯ ವಿಗ್ರಹ ಪೀಠ ತಪ್ಪಿತು, ಜಗದ್ಗುರುಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಆಗ ವಿಗ್ರಹದ ಮರುಪ್ರತಿಷ್ಠೆಗೆ 200 ರಾಹತಿ ಹಣವೂ ಸಾಮಗ್ರಿಯೂ ಮಠಕ್ಕೆ ಸಲ್ಲುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಹೋದದ್ದು ಟಿಪ್ಪುವಿನಿಂದಲೇ. ಜಗದ್ಗುರುಗಳಿಗೆ ಅವನು ಬರೆಸಿದ ಕನ್ನಡ ಪತ್ರಗಳನ್ನು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಮೂಡಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ 1784ರ ಕೆಡವಿಕೆಯಿಂದ ಉಳಿದದ್ದು ಜೈನ ಚೌಟ ಅರಸರ ಬೇಡಿಕೆಯಿಂದ ಎಂದು ಕರಾವಳಿಯ ಕ್ರೈಸ್ತರು ಕೃತಜ್ಞತೆಯಿಂದ ನೆನೆಯುತ್ತಾರೆ. ಹಿಂದೂ ಪಡೆ ಹಿಂದೂ ಮಠವನ್ನು ಕೆಡಿಸಿತು, ಮುಸಲ್ಮಾನ ಸುಲ್ತಾನ ಅದನ್ನು ನೆಟ್ಟಗೆ ಮಾಡಿಸಿದ, ಅದೇ ಸುಲ್ತಾನ ಇಗರ್ಜಿಗಳನ್ನು ಕೆಡವಿಸಿದ, ಜೈನ ಅರಸ ಒಂದನ್ನು ಉಳಿಸಿದ. ಒಂದು ಕೆಲಸ ಇನ್ನೊಂದನ್ನು ಅಳಿಸುವುದಿಲ್ಲ. ಶೃಂಗೇರಿಯ ಹಣ ಮಂಗಳೂರಿನ ಸೆರೆಗೆ ಪರಿಹಾರವಲ್ಲ. ಮಂಗಳೂರಿನ ಸೆರೆ ಶೃಂಗೇರಿಯ ಪತ್ರಗಳನ್ನು ಸುಳ್ಳು ಮಾಡುವುದಿಲ್ಲ. ಮತದ ಹೆಸರಿನಲ್ಲಿ ಎರಡು ಸಾಲು ಮಾಡಿ ನಿಲ್ಲಿಸಿದರೆ ಈ ಸಂಗತಿಗಳಲ್ಲಿ ಒಂದೂ ತನ್ನ ಜಾಗದಲ್ಲಿ ಕೂರುವುದಿಲ್ಲ.

ನೆನಪನ್ನು ಉಳಿಸುವ ಇನ್ನೊಂದು ಬಗೆಯೂ ಈ ಸೀಮೆಯಲ್ಲಿದೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿಯ ದೀಪ ಹಚ್ಚುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ಆ ದಿನ ತಮ್ಮ ಹಿರಿಯರು ಕೊಲೆಯಾದರು ಎಂಬುದು ಅವರ ಮನೆಗಳಲ್ಲಿ ತಲೆಮಾರಿನಿಂದ ಬಂದ ಮಾತು. ಹಚ್ಚದೆ ಬಿಟ್ಟ ದೀಪಕ್ಕೂ ಮತ್ತೆ ಎತ್ತಿದ ಗೋಡೆಗೂ ಇರುವ ಹೋಲಿಕೆ ದೊಡ್ಡದು. ಎರಡರಲ್ಲೂ ನೆನೆಯುವವರು ತಮ್ಮ ಮೇಲೆಯೇ ಒಂದು ಭಾರ ಹೊತ್ತುಕೊಂಡಿದ್ದಾರೆ. ಒಬ್ಬರು ಹಬ್ಬ ಬಿಟ್ಟರು, ಇನ್ನೊಬ್ಬರು ದುಡಿಮೆ ಕೊಟ್ಟರು. ಬೇರೆಯವರ ಹಬ್ಬ ಕೆಡಿಸುವುದನ್ನಾಗಲಿ, ಬೇರೆಯವರ ಗೋಡೆ ಕೆಡವುವುದನ್ನಾಗಲಿ ಅವರ ನೆನಪು ಬೇಡಲಿಲ್ಲ. ನಿಜವಾದ ನೆನಪು ಯಾವುದು, ಹಗೆ ಸಾಧನೆಗೆ ಹುಡುಕಿದ ನೆಪ ಯಾವುದು ಎಂದು ಬೇರ್ಪಡಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣುವುದಿಲ್ಲ: ಅದರ ವೆಚ್ಚ ಯಾರ ಮೇಲೆ ಬೀಳುತ್ತದೆ?

ಮೈಸೂರು ನಗರದ ಮಟ್ಟಿಗೆ ಈ ಕಥೆ ಸಂತ ಫಿಲೋಮಿನಾ ಚರ್ಚಿನಲ್ಲಿ ಬಂದು ಸೇರುತ್ತದೆ. 1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡ ಮೇಲೆ ಟಿಪ್ಪು ಇನ್ನೊಬ್ಬ ಒಡೆಯರಿಗೆ ಪಟ್ಟ ಕಟ್ಟಲಿಲ್ಲ. ಅರಮನೆ ಬರಿದಾಯಿತು, ರಾಜಮನೆತನ ಸಣ್ಣ ಮನೆಯೊಂದರಲ್ಲಿ ದಿನ ತಳ್ಳಿತು. ಆ ಮನೆಯ ಕೂಸೇ ಮುಮ್ಮಡಿ ಕೃಷ್ಣರಾಜರು. ಮನೆ ಕಳೆದುಕೊಂಡದ್ದು ಏನೆಂದು ಎಳವೆಯಲ್ಲೇ ತಿಳಿದ ಆ ದೊರೆ 1843ರಲ್ಲಿ ಮೈಸೂರಿನ ಕ್ರೈಸ್ತರಿಗೆ ಚರ್ಚು ಕಟ್ಟಿಸಿದರು. ಅದೇ ಜಾಗದಲ್ಲಿ ಇಂದಿನ ದೊಡ್ಡ ಚರ್ಚಿಗೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ತಳಗಲ್ಲು ಇಟ್ಟರು. ಜರ್ಮನಿಯ ಕಲೋನಿನ ಚರ್ಚನ್ನು ನೆನಪಿಸುವ 175 ಅಡಿಯ ಅದರ ಜೋಡಿ ಗೋಪುರಗಳು ಊರಿನ ಗುರುತಾಗಿವೆ. ಇದು ಸೆರೆಯವರು ಕಟ್ಟಿದ ಚರ್ಚಲ್ಲ, ದುರಂತದ ಸ್ಮಾರಕವೂ ಅಲ್ಲ. ಆದರೆ ಈ ಊರಿನ ಅರಸು ಇನ್ನೊಂದು ಮತದವರ ತಳಗಲ್ಲಿಗೆ ಸಹಜವಾಗಿ ಕೈ ಹಾಕುವ ಕಾಲ ಬಂದದ್ದರ ಹಿಂದೆ, ನೊಂದವರು ಹಗೆಯನ್ನು ಕಟ್ಟದೆ ಗೋಡೆಯನ್ನು ಕಟ್ಟಿದ ನೂರಕ್ಕೂ ಹೆಚ್ಚು ವರ್ಷಗಳ ಪಾಠವಿದೆ.

ಮೈಸೂರಿಗೆ ಬಂದವರು ಅರಮನೆ, ಫಿಲೋಮಿನಾ, ಆಮೇಲೆ ಶ್ರೀರಂಗಪಟ್ಟಣದ ದರಿಯಾ ದೌಲತ್, ಗುಂಬಜ್ ನೋಡಿ ಬಸ್ಸು ಹತ್ತುತ್ತಾರೆ. ಗಂಜಾಮಿನ ಚರ್ಚು ಆ ದಾರಿಯ ಪಕ್ಕದಲ್ಲೇ ಇದ್ದರೂ ಪಟ್ಟಿಯಲ್ಲಿ ಇಲ್ಲ. ಅದು ಇರಬೇಕು. ಟಿಪ್ಪುವನ್ನು ಹಳಿಯುವುದಕ್ಕೂ ಬೇಡ, ಹೊಗಳುವುದಕ್ಕೂ ಬೇಡ. ದರಿಯಾ ದೌಲತ್ತಿನ ಗೋಡೆಯನ್ನು ಪೂರ್ತಿ ಓದುವುದಕ್ಕೆ ಅದು ಬೇಕು. ಆ ಗೋಡೆಯ ಮೇಲೆ ಕುದುರೆ, ಆನೆ, ತುಪಾಕಿ, ಸರದಾರರ ಮೀಸೆ ಎಲ್ಲವೂ ಇದೆ. ಅದೇ 1784ರಲ್ಲಿ ಮಕ್ಕಳನ್ನು ಹೊತ್ತು ಘಟ್ಟ ಹತ್ತಿದವರು ಮಾತ್ರ ಇಲ್ಲ. ಅವರ ಚಿತ್ರವನ್ನು ಯಾರೂ ಬರೆಸಲಿಲ್ಲ. ಉಳಿದವರು ಚಿತ್ರ ಬರೆಸಬೇಕೆಂದು ಕೇಳಲೂ ಇಲ್ಲ. ಸ್ವಲ್ಪ ದೂರದಲ್ಲಿ ಸೂರು ಎತ್ತಿ, ಗಂಟೆ ಕಟ್ಟಿ, ಮರುದಿನ ಬೆಳಗ್ಗೆ ಪೂಜೆಗೆ ನಿಂತರು. ಆ ಬೆಳಗು ಇನ್ನೂ ಮುಗಿದಿಲ್ಲ.